ಅಡುಗೆಮನೆಯ ಪ್ರಶ್ನೋತ್ತರ: ಸ್ಯಾಂಡ್‌ವಿಚ್ಚಿಗೆ ಚೀಸ್ ಅಣಿಮಾಡುವ ಬಗೆ

ಪ್ರಶ್ನೆ: ಮಾನ್ಯರೇ, ನಮ್ಮದು ತೀರ್ಥಹಳ್ಳಿಯ ಸಮೀಪದ ಹಳ್ಳಿ. ಮಳೆಗಾಲದ ಸಂಜೆ ಶಾಲೆಯಿಂದ ನೆನೆದು ಬರುವ ಮಕ್ಕಳಿಗೆಂದು ದೋಸೆ ಕಾವಲಿಯ ಮೇಲೆಯೇ ಚೀಸ್ ಸ್ಯಾಂಡ್‌ವಿಚ್ ಮಾಡುತ್ತೇನೆ. ಫ್ರಿಜ್ಜಿನಿಂದ ತೆಗೆದ ಚೀಸ್ ಕ್ಯೂಬನ್ನು ದಪ್ಪ ಹೋಳುಗಳಾಗಿ ಹೆಚ್ಚಿ ಇಡುವುದು ನನ್ನ ರೂಢಿ. ಬ್ರೆಡ್ಡು ಸೀದರೂ ಒಳಗಿನ ಚೀಸ್ ಕರಗುವುದಿಲ್ಲ. ಒಮ್ಮೆ ಶಿವಮೊಗ್ಗದಿಂದ ತಂದ ಚೆಡ್ಡಾರ್ ಚೀಸನ್ನು ಹೆಚ್ಚು ಹೊತ್ತು ಕಾಯಿಸಿದಾಗ ಅದು ಎಣ್ಣೆ ಬಿಟ್ಟುಕೊಂಡು ರಬ್ಬರಿನಂತಾಯಿತು. ಚೀಸನ್ನು ಹೆಚ್ಚಬೇಕೇ, ತುರಿಯಬೇಕೇ ಅಥವಾ ಮೊದಲೇ ಕರಗಿಸಿಕೊಳ್ಳಬೇಕೇ?

ಉತ್ತರ: ಬಿಸಿ ಸ್ಯಾಂಡ್‌ವಿಚ್ಚಿಗಾದರೆ ತುರಿಯುವುದೇ ಸರಿ. ಬ್ರೆಡ್ಡಿನ ತುಂಬ ಗಾಳಿಯ ಗೂಡುಗಳಿರುವುದರಿಂದ ಕಾವಲಿಯ ಶಾಖ ಅದರೊಳಗೆ ಬಹಳ ನಿಧಾನವಾಗಿ ಸಾಗುತ್ತದೆ. ಹೀಗಾಗಿ ಹೊರಮೈ 140 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗಾಗುವ ಹೊತ್ತಿಗೂ ನಡುವಿನ ದಪ್ಪ ಹೋಳು ತಣ್ಣಗೆ ಕುಳಿತಿರುತ್ತದೆ. ಚೆಡ್ಡಾರ್‌ನಂಥ ಚೀಸ್ ಕರಗಿ ಹರಡಿಕೊಳ್ಳಲು ಸುಮಾರು 65 ಡಿಗ್ರಿ ಶಾಖ ಸಾಕು. ಆದ್ದರಿಂದ ನೀವು ಉರಿಯನ್ನು ಹೆಚ್ಚಿಸುವ ಬದಲು ಆ ಅಲ್ಪ ಶಾಖವೇ ಚೀಸಿನ ಎಲ್ಲ ಭಾಗಕ್ಕೂ ಬೇಗ ಮುಟ್ಟುವಂತೆ ಮಾಡಬೇಕು, ಮತ್ತು ತೆಳುವಾದ ಎಳೆಗಳಿಗೆ ಅದು ಮುಟ್ಟುವಷ್ಟು ಬೇಗ ದಪ್ಪ ಹೋಳಿನ ನಡುವಿಗೆ ಎಂದಿಗೂ ಮುಟ್ಟುವುದಿಲ್ಲ.

ತುರಿಯುವಾಗ ಚೀಸ್ ತಣ್ಣಗಿರಲಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಪ್ರೊಸೆಸ್ಡ್ ಚೀಸ್ ಮೆತ್ತಗಿದ್ದು ತುರಿಮಣೆಗೆ ಅಂಟಿಕೊಳ್ಳುತ್ತದೆ. ಅದನ್ನು ಹತ್ತು ಹದಿನೈದು ನಿಮಿಷ ಫ್ರೀಜರಿನಲ್ಲಿಟ್ಟು, ತುರಿಮಣೆಗೆ ಒಂದು ಹನಿ ಎಣ್ಣೆ ಸವರಿ, ದೊಡ್ಡ ಕಣ್ಣುಗಳಿರುವ ಬದಿಯಲ್ಲಿ ತುರಿದರೆ ಎಳೆಗಳು ಬಿಡಿಬಿಡಿಯಾಗಿ ಬೀಳುತ್ತವೆ. ತುರಿದ ಮೇಲೆ ಮಾತ್ರ ಅದನ್ನು ತಟ್ಟೆಯಲ್ಲಿ ಹರಡಿ, ನೀವು ಚಟ್ನಿ ಅರೆದು ಈರುಳ್ಳಿ ಹೆಚ್ಚಿಕೊಳ್ಳುವಷ್ಟು ಹೊತ್ತು ಹೊರಗೇ ಬಿಡಿ. ತಂಪು ಕಳೆದ ಚೀಸ್ ಕಾವಲಿ ಏರುವ ಮೊದಲೇ ಕರಗುವ ಹಾದಿಯಲ್ಲಿ ಸ್ವಲ್ಪ ದೂರ ಕ್ರಮಿಸಿರುತ್ತದೆ. ತುರಿದೇ ಮಾರುವ ಪೊಟ್ಟಣಗಳನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಎಳೆಗಳು ಅಂಟದಿರಲೆಂದು ಅವುಗಳಿಗೆ ಸಾಮಾನ್ಯವಾಗಿ ಪಿಷ್ಟದ ಪುಡಿಯನ್ನು ಸವರಿರುತ್ತಾರೆ. ಅದು ಚೀಸ್ ಒಂದಾಗಿ ಕೂಡಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ. ಒಂದು ಸ್ಯಾಂಡ್‌ವಿಚ್ಚಿಗೆ 25ರಿಂದ 30 ಗ್ರಾಂ ಸಾಕು.

ಈಗ ಎಣ್ಣೆ ಬಿಟ್ಟ ಚೆಡ್ಡಾರ್ ವಿಷಯ. ಚೀಸ್ ಎಂದರೆ ಕೇಸಿನ್ ಎಂಬ ಹಾಲಿನ ಪ್ರೋಟೀನಿನ ಬಲೆ. ಆ ಬಲೆಯ ಕಣ್ಣುಗಳಲ್ಲಿ ಜಿಡ್ಡೂ ನೀರೂ ಸಿಕ್ಕಿಕೊಂಡಿರುತ್ತವೆ, ಬಲೆಯ ಗಂಟುಗಳನ್ನು ಕ್ಯಾಲ್ಸಿಯಂ ಹಿಡಿದಿರುತ್ತದೆ. ಹದವಾದ ಶಾಖದಲ್ಲಿ ಗಂಟುಗಳು ಸಡಿಲಗೊಂಡು ಚೀಸ್ ಹರಿಯುತ್ತದೆ. ಶಾಖ ಮಿತಿಮೀರಿದರೆ ಬಲೆ ಬಿಗಿದು ಮುದುಡಿ, ಒಳಗಿದ್ದ ಜಿಡ್ಡನ್ನು ಹೊರಗೆ ಹಿಂಡಿಬಿಡುತ್ತದೆ. ನೀವು ಕಂಡ ಎಣ್ಣೆ ಆ ಜಿಡ್ಡು, ರಬ್ಬರಿನಂತಾದದ್ದು ಉಳಿದ ಬಲೆ. ಒಮ್ಮೆ ಹೀಗಾದ ಚೀಸನ್ನು ಮತ್ತೆ ಕಾಯಿಸಿ ಸರಿಪಡಿಸಲು ಆಗುವುದಿಲ್ಲ. ಮೊದಲೇ ಕರಗಿಸಿಕೊಂಡು ಸುರಿಯುವುದು ಬೇಡವೆಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಪ್ರೊಸೆಸ್ಡ್ ಚೀಸ್ ಹೀಗೆ ಸುಲಭವಾಗಿ ಒಡೆಯುವುದಿಲ್ಲ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಂಬವರು ಸೋಡಿಯಂ ಸಿಟ್ರೇಟ್ ಬಳಸಿ ಅದನ್ನು ಮೊದಲು ಮಾಡಿದರು. ಈ ಲವಣ ಕ್ಯಾಲ್ಸಿಯಮನ್ನು ತಾನು ಹಿಡಿದುಕೊಂಡು, ಜಿಡ್ಡೂ ನೀರೂ ಬೇರ್ಪಡದಂತೆ ಕಾಪಾಡುತ್ತದೆ. ನನ್ನ ಮನೆಯಲ್ಲಿ ಮೂರು ಪಾಲು ಪ್ರೊಸೆಸ್ಡ್ ಚೀಸಿಗೆ ಒಂದು ಪಾಲು ಚೆಡ್ಡಾರ್ ಬೆರೆಸಿ ತುರಿಯುತ್ತೇನೆ. ಒಂದು ನಯವನ್ನು ಕೊಡುತ್ತದೆ, ಇನ್ನೊಂದು ರುಚಿಯನ್ನು.

ಕಾವಲಿಯ ಕೆಲಸದಲ್ಲಿ ಮುಚ್ಚಳವನ್ನು ಮರೆಯಬೇಡಿ. ದಪ್ಪ ಕಬ್ಬಿಣದ ಕಾವಲಿ ಹಿಡಿದಿಟ್ಟ ಬಿಸಿ ಬೇಗ ಇಳಿಯುವುದಿಲ್ಲವಾದ್ದರಿಂದ ದೋಸೆಗೆ ಇಡುವಷ್ಟು ಉರಿ ಇದಕ್ಕೆ ಬೇಡ. ಬ್ರೆಡ್ಡಿನ ಹೊರಮೈಗೆ ತೆಳುವಾಗಿ ತುಪ್ಪ ಸವರಿರಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಸೀಯುವಷ್ಟು ಬೇಗ ತುಪ್ಪ ಸೀಯುವುದಿಲ್ಲ. ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಒಂದೊಂದು ಬದಿಯನ್ನೂ ಮೂರು ನಾಲ್ಕು ನಿಮಿಷ ಬೇಯಿಸಿ, ಕೊನೆಯ ಅರ್ಧ ನಿಮಿಷ ಮುಚ್ಚಳ ತೆಗೆದರೆ ಒಳಗಿನ ಹಬೆ ಹೋಗಿ ಬ್ರೆಡ್ಡು ಗರಿಗರಿಯಾಗುತ್ತದೆ. ಚೀಸಿನಲ್ಲೇ ಉಪ್ಪಿರುವುದರಿಂದ ಮತ್ತೆ ಉಪ್ಪು ಬೇಡ. ನಮ್ಮ ತೋಟದ ಕಾಳುಮೆಣಸನ್ನು ಆಗಷ್ಟೇ ಕುಟ್ಟಿ ಉದುರಿಸಿ. ದೊಡ್ಡವರಿಗಾದರೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸವನ್ನು ಬೆರಳ ತುದಿಯಷ್ಟು ಸವರಿ ನೋಡಿ. ಆ ಹುಳಿ ಚೀಸಿನ ಜಿಡ್ಡನ್ನು ಚೆನ್ನಾಗಿ ಮುರಿಯುತ್ತದೆ.

ಮಕ್ಕಳ ಡಬ್ಬಿಗೆ ಹಾಕುವ ತಣ್ಣನೆಯ ಸ್ಯಾಂಡ್‌ವಿಚ್ಚಿಗೆ ಮಾತ್ರ ತುರಿ ಸರಿಹೋಗದು, ಉದುರಿಹೋಗುತ್ತದೆ. ಅಲ್ಲಿ ತೆಳು ಹೋಳುಗಳೇ ಬೇಕು. ಬ್ರೆಡ್ಡಿಗೆ ಅಂಚಿನವರೆಗೂ ಬೆಣ್ಣೆ ಸವರಿ, ಅದರ ಮೇಲೆ ಚೀಸ್ ಇಟ್ಟು, ನೀರೊರೆಸಿದ ಸೌತೆಕಾಯಿಯನ್ನು ನಡುವೆ ಇಟ್ಟರೆ ಬ್ರೆಡ್ಡು ನೆನೆಯುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮಾಡಿದ ಪನೀರನ್ನು ತುರಿದು ಹಾಕಿದರೆ ಅದು ಕರಗುವುದಿಲ್ಲವೇಕೆ? (ಸಾಗರದ ಓದುಗರು)

ಉತ್ತರ: ಕುದಿ ಬಂದ ಹಾಲಿಗೆ ನಿಂಬೆರಸ ಹಿಂಡಿದಾಗ, ಬಲೆಯ ಗಂಟಾಗಬೇಕಿದ್ದ ಕ್ಯಾಲ್ಸಿಯಂ ಹುಳಿಯಲ್ಲಿ ಕರಗಿ ನೀರಿನೊಡನೆ ಹೊರಟುಹೋಗುತ್ತದೆ, ಪ್ರೋಟೀನುಗಳು ನೇರವಾಗಿ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಸಡಿಲಗೊಳ್ಳಬಲ್ಲ ಗಂಟೇ ಇಲ್ಲದ ಕಾರಣ, ಕಾಯಿಸಿದಷ್ಟೂ ಅದು ನೀರು ಬಿಟ್ಟು ಗಟ್ಟಿಯಾಗುತ್ತದೆ. ಪನೀರನ್ನು ಒಂದು ಚಮಚ ಹಾಲಿನ ಕೆನೆಯೊಡನೆ ಮಸೆದು, ಕಾಲು ಭಾಗದಷ್ಟು ತುರಿದ ಚೀಸ್ ಬೆರೆಸಿ ಹಚ್ಚಿರಿ.

ಪ್ರಶ್ನೆ: ಆಷಾಢದಲ್ಲಿ ಕರೆಂಟು ಹೋದರೆ ದಿನವಿಡೀ ಬರುವುದಿಲ್ಲ. ಚೀಸಿಗೆ ಬೂಷ್ಟು ಹಿಡಿದರೆ ಕೆರೆದು ಬಳಸಬಹುದೇ? (ಹೊಸನಗರದ ಓದುಗರು)

ಉತ್ತರ: ಚೆಡ್ಡಾರ್‌ನಂಥ ಗಟ್ಟಿ ಚೀಸಿನ ಗಡ್ಡೆಯಾದರೆ, ಬೂಷ್ಟಿನ ಸುತ್ತಲೂ ಅಡಿಯಲ್ಲೂ ಎರಡೂವರೆ ಸೆಂಟಿಮೀಟರಿನಷ್ಟು ಕತ್ತರಿಸಿ ಎಸೆದು ಉಳಿದದ್ದನ್ನು ಬಳಸಬಹುದು, ಕತ್ತರಿಸುವಾಗ ಚಾಕು ಬೂಷ್ಟಿಗೆ ತಾಗದಿರಲಿ. ತುರಿದ ಚೀಸ್, ಸ್ಲೈಸ್ ಹಾಗೂ ಪನೀರಿಗೆ ಬೂಷ್ಟು ಬಂದರೆ ಪೂರ್ತಿ ಎಸೆಯಬೇಕು. ನಮ್ಮ ಮಳೆಗಾಲಕ್ಕೆ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ, ಬೇಕಾದಾಗ ಬೇಕಾದಷ್ಟೇ ತುರಿಯಿರಿ, ಉಳಿದ ತುಂಡನ್ನು ಬಟರ್ ಪೇಪರಿನಲ್ಲಿ ಸುತ್ತಿ ಒಣಗಿದ ಡಬ್ಬಿಯಲ್ಲಿಡಿ.