ರೇಷ್ಮೆ ಸೀರೆಯ ತುಪ್ಪದ ಕಲೆಗೆ ಬೇಬಿ ಪೌಡರ್

ಒಬ್ಬಟ್ಟಿನ ಊಟದಲ್ಲಿ ರೇಷ್ಮೆ ಸೆರಗಿನ ಮೇಲೆ ಬಿದ್ದ ತುಪ್ಪದ ಕಲೆ ನೀರು ಹಚ್ಚಿ ಒರೆಸಿದರೂ ಹೋಗಲಿಲ್ಲವೆಂದು ಬರೆದಿದ್ದೀರಿ. ಜಿಡ್ಡು ನೀರಿನಲ್ಲಿ ಕರಗದೆ ಎಳೆಗಳ ನಡುವೆಯೇ ಉಳಿದಿರುವುದು ಇದಕ್ಕೆ ಕಾರಣವಿರಬೇಕು. ಇನ್ನು ನೀರನ್ನಾಗಲಿ ಸೋಪನ್ನಾಗಲಿ ತಾಗಿಸಬೇಡಿ. ಸೀರೆ ಪೂರ್ತಿ ಒಣಗಿದ ಮೇಲೆ, ಕಲೆಯ ಕೆಳಗೆ ಹಳೆಯ ಬಿಳಿ ಹತ್ತಿಬಟ್ಟೆಯನ್ನು ಹಾಸಿ, ಕಲೆ ಕಾಣದಷ್ಟು ದಪ್ಪವಾಗಿ ಬೇಬಿ ಪೌಡರನ್ನು ಉದುರಿಸಿ, ಉಜ್ಜದೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ, ರಾತ್ರಿಯಿಡೀ ಹಾಗೆಯೇ ಬಿಡಿ. ಬೆಳಿಗ್ಗೆ ಪುಡಿ ತುಸು ಮುದ್ದೆಗಟ್ಟಿ ಮಾಸಲು ಬಣ್ಣಕ್ಕೆ ತಿರುಗಿದ್ದರೆ ಅದು ಜಿಡ್ಡನ್ನು ಹೀರಿದೆ ಎಂದರ್ಥ. ಸೆರಗನ್ನು ಮಗುಚಿ, ಪುಡಿ ಮೂಗಿಗೆ ಹೋಗದಂತೆ, ಮಕ್ಕಳಿಲ್ಲದ ಕಡೆ ಮೆಲ್ಲಗೆ ಕೊಡವಿ, ಉಳಿದುದನ್ನು ಮೃದುವಾದ ಬ್ರಷ್‌ನಿಂದ ಎಳೆಯ ದಿಕ್ಕಿನಲ್ಲೇ ಸವರಿ ತೆಗೆಯಿರಿ. ಜರಿಯ ಮೇಲೆ ಮಾತ್ರ ಬ್ರಷ್ ಆಡಿಸಬೇಡಿ, ಎಳೆ ಏಳುತ್ತದೆ. ನನ್ನ ಸೀರೆಗೆ ಮೂರು ರಾತ್ರಿ ಹೀಗೆ ಮಾಡಬೇಕಾಯಿತು. ಪೌಡರ್ ಟಾಲ್ಕ್‌ನದಾದರೂ ಮೆಕ್ಕೆಜೋಳದ ಪಿಷ್ಟದ್ದಾದರೂ ಜಿಡ್ಡನ್ನು ಹೀರುತ್ತದೆ. ಈಗಾಗಲೇ ಇಸ್ತ್ರಿ ಮಾಡಿಬಿಟ್ಟಿದ್ದರೆ ಕಲೆ ಪೂರ್ತಿ ಹೋಗುತ್ತದೆಂದು ಹೇಳಲಾರೆ. ಒಬ್ಬಟ್ಟಿನ ಅರಿಸಿನದ ಹಳದಿ ಉಳಿದರೆ ಪೌಡರ್ ಅದನ್ನು ತೆಗೆಯುವುದಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯವರಿಗೆ ಅದು ಅರಿಸಿನವೆಂದು ತಿಳಿಸಿಯೇ ಸೀರೆಯನ್ನು ಕೊಡಿ.