ಹಿಂದಿನ ಗಾಜಿನ ಡಿಫಾಗರ್ ಕೆಲಸ ಮಾಡದಿದ್ದರೆ ಗಾಜನ್ನೇ ಬದಲಾಯಿಸಬೇಕಾ?

ನೀವು ಕೇಳಿರುವುದು ಇದು: ಕಾರಿನ ಹಿಂದಿನ ಗಾಜನ್ನು ಬಿಸಿ ಮಾಡಿ ಮಂಜು ಹೋಗಿಸುವ ಡಿಫಾಗರ್‌ನ ಬಟನ್ ಒತ್ತಿದರೆ ಅದರ ಲೈಟ್ ಹತ್ತುತ್ತದೆ, ಆದರೆ ಹಿಂದಿನ ಗಾಜಿನ ಮಂಜು ಹೋಗುವುದಿಲ್ಲ. ತೋರಿಸಿದ ಕಡೆ ಇಡೀ ಗಾಜು ಬದಲಾಯಿಸಬೇಕು ಅಂದಿದ್ದಾರೆ, ನಿಜವಾ?

ಈಗಲೇ ಒಪ್ಪಿಕೊಳ್ಳಬೇಡಿ. ಕರೆಂಟ್ ಎಲ್ಲಿ ನಿಂತುಹೋಗಿದೆ ಎಂದು ಯಾರಾದರೂ ಮೀಟರ್ ಹಿಡಿದು ನೋಡಿದರಾ? ನೋಡಿಲ್ಲ ಅಂದರೆ ಗಾಜಿನ ಮಾತು ಆಮೇಲೆ. ನನಗೂ ಒಮ್ಮೆ ಹೀಗೇ ಗಾಜು ಹೋಗಿದೆ ಅಂದಿದ್ದರು. ಗಾಜಿಗೆ ಏನೂ ಆಗಿರಲಿಲ್ಲ. ಅದರ ಕಥೆ ಕೆಳಗೆ ಹೇಳುತ್ತೇನೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಗಾಜಿನ ಒಳಮೈಯಲ್ಲಿ ಕಾಣುವ ಸಣ್ಣ ಅಡ್ಡಗೆರೆಗಳು ಬೆಳ್ಳಿ ಬೆರೆತ ಲೇಪ. ಗಾಜಿನ ಮೇಲೆ ಅಚ್ಚು ಹಾಕಿ ಕಾಯಿಸಿ ಕೂರಿಸಿರುತ್ತಾರೆ. ಎಡಕ್ಕೊಂದು ಬಲಕ್ಕೊಂದು ಅಗಲವಾದ ಪಟ್ಟಿ ಇರುತ್ತದೆ. ಒಂದು ಪಟ್ಟಿಗೆ ಬ್ಯಾಟರಿಯ 12 ವೋಲ್ಟ್ ಬರುತ್ತದೆ, ಇನ್ನೊಂದು ಕಾರಿನ ಲೋಹದ ಬಾಡಿಗೆ ಸೇರಿರುತ್ತದೆ (ಇದೇ ಅರ್ಥ್, ಕರೆಂಟ್ ಬ್ಯಾಟರಿಗೆ ಹಿಂತಿರುಗುವ ದಾರಿ). ಒಟ್ಟು 10ರಿಂದ 20 ಆಂಪಿಯರ್‌ವರೆಗೆ ಕರೆಂಟ್ ಹರಿದು ಗೆರೆಗಳು ಬಿಸಿಯಾಗುತ್ತವೆ. ಪ್ರತಿ ಗೆರೆಗೂ ಅದರದೇ ದಾರಿ. ಹಾಗಾಗಿ ಒಂದು ತುಂಡಾದರೆ ಅದೊಂದೇ ತಣ್ಣಗಿರುತ್ತದೆ, ಉಳಿದವು ಕೆಲಸ ಮಾಡುತ್ತಲೇ ಇರುತ್ತವೆ.

ಬಟನ್‌ನ ಲೈಟ್ ನಂಬಬೇಡಿ. ಸ್ವಿಚ್ ಒತ್ತಿದ್ದೀರಿ ಎಂದಷ್ಟೇ ಅದು ಹೇಳುತ್ತದೆ. ಕರೆಂಟ್ ಗಾಜಿನವರೆಗೆ ಬಂತಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಗಾಜಿನ ಮೇಲೆ ಮಂಜು ಕಟ್ಟಿರುವಾಗ, ಇಲ್ಲದಿದ್ದರೆ ಬಾಯಿಂದ ಆವಿ ಊದಿ, ಇಂಜಿನ್ ಚಾಲೂ ಇಟ್ಟು ಡಿಫಾಗರ್ ಹಾಕಿ. ಎರಡು ಮೂರು ನಿಮಿಷ ನೋಡುತ್ತಾ ಇರಿ. ಕೆಲವು ಗೆರೆಗಳ ಸುತ್ತ ಮಾತ್ರ ಮಂಜು ಉಳಿದರೆ ಆ ಗೆರೆಗಳು ಎಲ್ಲೋ ಕಡಿದಿವೆ. ಇಡೀ ಗಾಜು ಹಾಗೇ ಇದ್ದರೆ ಗೆರೆಗಳ ಮೇಲೆ ಅನುಮಾನ ಬೇಡ. ಹತ್ತು ಹನ್ನೆರಡು ಗೆರೆ ಒಂದೇ ದಿನ ಕಡಿಯುವುದಿಲ್ಲ, ಅಲ್ವಾ? ಅವಕ್ಕೆಲ್ಲಾ ಕರೆಂಟ್ ಕೊಡುವ ಒಂದು ಜಾಗದಲ್ಲೇ ತೊಂದರೆ ಇರಬೇಕು. ನೀವು ಬರೆದಿರುವುದು ನೋಡಿದರೆ ನಿಮ್ಮದು ಈ ಎರಡನೇ ಥರ ಅನಿಸುತ್ತದೆ.

ಫ್ಯೂಸ್ ನೋಡುವುದು ಸುಲಭ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ. ಜಾಸ್ತಿ ಆಂಪಿಯರ್‌ನದ್ದು ಖಂಡಿತ ಬೇಡ, ಆಮೇಲೆ ಸುಡುವುದು ವೈರು. ಬಟನ್ ಒತ್ತಿದಾಗ ರಿಲೇ (ಬಟನ್‌ನ ಸಣ್ಣ ಕರೆಂಟಿನಿಂದ ಗಾಜಿನ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಟಕ್ ಅನ್ನುತ್ತದಾ ಕೇಳಿ. ಅದೇ ನಂಬರಿನ ಇನ್ನೊಂದು ರಿಲೇ ಪಕ್ಕದಲ್ಲಿದ್ದರೆ ಅದಲುಬದಲು ಮಾಡಿ ನೋಡಬಹುದು.

ಇನ್ನು ಮಲ್ಟಿಮೀಟರ್. ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ವೈರನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಹಿಡಿಯಿರಿ. ಕೆಂಪು ವೈರಿನ ತುದಿಗೆ ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಳ್ಳಿ, ಬರೀ ಮೊನೆ ತಾಗಿದರೆ ಗೆರೆ ಕೆರೆದುಹೋಗುತ್ತದೆ. ಡಿಫಾಗರ್ ಹಾಕಿ ಎರಡೂ ಪಟ್ಟಿಗಳನ್ನು ಮುಟ್ಟಿ ನೋಡಿ.

ಒಂದರಲ್ಲಿ 12ಕ್ಕಿಂತ ಮೇಲೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಸೊನ್ನೆ ಬಂದರೆ ಸರಿ ಇದೆ. ಎರಡರಲ್ಲೂ 12 ಬಂದರೆ ಅರ್ಥ್ ಬಿಟ್ಟಿದೆ. ಎರಡರಲ್ಲೂ ಸೊನ್ನೆ ಬಂದರೆ ಕರೆಂಟ್ ಗಾಜಿಗೆ ತಲುಪುತ್ತಿಲ್ಲ. 7 ಅಥವಾ 8 ವೋಲ್ಟ್ ಬಂದರೆ ವೈರಿನ ಎಳೆಗಳು ಅರ್ಧ ತುಂಡಾಗಿರಬಹುದು, ಇಲ್ಲವೇ ಕನೆಕ್ಟರ್ ತುಕ್ಕು ಹಿಡಿದಿರಬಹುದು. ಒಂದು ಮಾತು ನೆನಪಿಡಿ. ತುಂಬಾ ಕಾರುಗಳಲ್ಲಿ ಟೈಮರ್ ಇರುತ್ತದೆ, 10ರಿಂದ 15 ನಿಮಿಷಕ್ಕೆ ತಾನಾಗಿ ಆಫ್ ಆಗುತ್ತದೆ. ಅದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಪ್ರತಿ ಸಲ ಅಳೆಯುವ ಮುಂಚೆ ಬಟನ್ ನೋಡಿಕೊಳ್ಳಿ.

ನನ್ನ ಕಾರು ಹ್ಯಾಚ್‌ಬ್ಯಾಕ್, ಅಂದರೆ ಹಿಂದಿನ ಗಾಜು ಡಿಕ್ಕಿ ಬಾಗಿಲಿನಲ್ಲೇ ಇರುತ್ತದೆ. ಎರಡೂ ಪಟ್ಟಿಯಲ್ಲಿ ಸೊನ್ನೆ ಬರುತ್ತಿತ್ತು, ಫ್ಯೂಸ್ ಚೆನ್ನಾಗಿತ್ತು. ಹಾಗಾದರೆ ಮಧ್ಯದಲ್ಲೇ ಎಲ್ಲೋ. ಡಿಕ್ಕಿ ಬಾಗಿಲಿಗೆ ಹೋಗುವ ವೈರುಗಳೆಲ್ಲ ಮೇಲೆ ಕೀಲಿನ ಪಕ್ಕ ಒಂದು ರಬ್ಬರ್ ಕೊಳವೆಯೊಳಗೆ ಹಾಯುತ್ತವೆ. ಬಾಗಿಲು ತೆಗೆದಾಗಲೆಲ್ಲ ಅವು ಮಡಚಿ ಬಿಚ್ಚಿ ಆಗುತ್ತವೆ. ಸುಮ್ನೆ ಆ ರಬ್ಬರ್ ಎಳೆದು ನೋಡಿದೆ. ಅಲ್ಲೇ ಒಂದು ದಪ್ಪ ವೈರು ತುಂಡಾಗಿತ್ತು. ತುದಿ ಸುಲಿದು, ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿದೆ. ಜಂಟಿಗಳು ಮಡಚುವ ಜಾಗದಲ್ಲಿ ಇರದಂತೆ ಎರಡೂ ಕಡೆ ಸ್ವಲ್ಪ ಉದ್ದ ಬಿಟ್ಟೆ. ಆ ದಿನ ಮಂಜು ಗೆರೆಗೆರೆಯಾಗಿ ಕರಗಿದ್ದನ್ನು ನೋಡಿ ಆದ ಖುಷಿ ಇನ್ನೂ ನೆನಪಿದೆ. ನಿಮ್ಮದೂ ಹ್ಯಾಚ್‌ಬ್ಯಾಕ್ ಆಗಿದ್ದರೆ ಎಲ್ಲಕ್ಕಿಂತ ಮುಂಚೆ ಆ ರಬ್ಬರ್ ಬಿಚ್ಚಿ ನೋಡಿ.

ಇನ್ನೊಂದು ಸಾಮಾನ್ಯ ಜಾಗ, ಪಟ್ಟಿಗೆ ವೈರು ಸಿಕ್ಕಿಸುವ ಚಿಕ್ಕ ಲೋಹದ ಟ್ಯಾಬ್. ಸಾಮಾನು ತಾಗಿ ಅದು ಕಿತ್ತು ಬರುತ್ತದೆ. ಸೂಪರ್ ಗ್ಲೂ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ, ಆದರೆ ಅದರಲ್ಲಿ ಕರೆಂಟ್ ಹಾಯುವುದಿಲ್ಲ. ಬೆಳ್ಳಿ ಇರುವ, ಕರೆಂಟ್ ಹಾಯಿಸುವ ಎಪಾಕ್ಸಿ ಅಂಟೇ ಬೇಕು. ಬೆಸುಗೆಯೂ ಹಾಕಬಹುದು. ಆದರೆ ಬಿಸಿ ಒಂದೇ ಕಡೆ ಜಾಸ್ತಿ ಹೊತ್ತು ಬಿದ್ದರೆ ಗಾಜು ಒಡೆಯಬಹುದು. ಕೈ ಪಳಗಿಲ್ಲ ಅಂದರೆ ಎಪಾಕ್ಸಿ ಒಳ್ಳೆಯದು.

ಪಟ್ಟಿಗಳು ಸರಿ ಇದ್ದು ಒಂದೆರಡು ಗೆರೆ ಮಾತ್ರ ಸತ್ತಿದ್ದರೆ ಕಡಿದ ಜಾಗ ಹುಡುಕಬೇಕು. 12 ವೋಲ್ಟ್ ಇರುವ ತುದಿಯಿಂದ ಗೆರೆಯ ಮೇಲೆ ಮೆಲ್ಲಗೆ ಸರಿಯುತ್ತಾ ಹೋಗಿ. ಚೆನ್ನಾಗಿರುವ ಗೆರೆಯಲ್ಲಿ ವೋಲ್ಟ್ ನಿಧಾನವಾಗಿ ಇಳಿಯುತ್ತದೆ, ನಡುವೆ ಸುಮಾರು 6 ಇರುತ್ತದೆ. ಕಡಿದ ಗೆರೆಯಲ್ಲಿ 12 ಹಾಗೇ ಇದ್ದು, ಒಂದು ಕಡೆ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಕಣ್ಣಿಗೆ ಕಾಣದ ಬಿರುಕೂ ಹೀಗೆ ಸಿಕ್ಕಿಬಿಡುತ್ತದೆ. ಆ ಜಾಗಕ್ಕೆ ಹೊರಗಿನಿಂದ ಒಂದು ಗುರುತು ಹಾಕಿ.

ಸರಿಮಾಡಲು ಡಿಫಾಗರ್ ರಿಪೇರಿ ಪೇಂಟ್ ಸಿಗುತ್ತದೆ. ಡಿಫಾಗರ್ ಆಫ್ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಜಾಗ ಒರೆಸಿ. ಗೆರೆಯ ಮೇಲೊಂದು ಕೆಳಗೊಂದು ಟೇಪ್ ಅಂಟಿಸಿ, ನಡುವೆ ಗೆರೆಯಷ್ಟೇ ಅಗಲ ಬಿಡಿ. ಬಾಟಲಿ ಚೆನ್ನಾಗಿ ಕುಲುಕಿ, ಬೆಳ್ಳಿ ತಳದಲ್ಲಿ ಕೂತಿರುತ್ತದೆ. ಎರಡೂ ಕಡೆ ಒಳ್ಳೆಯ ಗೆರೆಯ ಮೇಲೆ ಸ್ವಲ್ಪ ಹತ್ತುವಂತೆ ಎರಡು ಮೂರು ತೆಳು ಪದರ ಹಚ್ಚಿ. ಟೇಪ್ ಕೀಳಲು ಆತುರ ಬೇಡ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಒಣಗಿಸಿ, ಸಾಮಾನ್ಯವಾಗಿ 24 ಗಂಟೆ. ಅಲ್ಲಿಯವರೆಗೆ ಬಟನ್ ಮುಟ್ಟಬೇಡಿ. ಬಿರುಕು ಎರಡು ಮೂರು ಸೆಂಟಿಮೀಟರ್‌ಗಿಂತ ದೊಡ್ಡದಾದರೆ ಈ ಪೇಂಟ್ ಮೇಲೆ ಜಾಸ್ತಿ ಭರವಸೆ ಇಡಲಾಗುವುದಿಲ್ಲ.

ಮುಂದೆ ಗಾಜು ಒರೆಸುವಾಗ ಗೆರೆಯ ಉದ್ದಕ್ಕೆ ಒರೆಸಿ, ಅಡ್ಡ ಉಜ್ಜಬೇಡಿ. ಒಳಗಿನ ಸ್ಟಿಕ್ಕರ್ ತೆಗೆಯಲು ಬ್ಲೇಡ್ ಹಾಕಲೇಬೇಡಿ. ಗೆರೆ ಕಡಿಯುವುದು ಹೆಚ್ಚಾಗಿ ಇದರಿಂದಲೇ.

ಗಾಜು ಬದಲಾಯಿಸಲೇಬೇಕಾದ ಸಂದರ್ಭವೂ ಇದೆ. ಟಿಂಟ್ ಫಿಲ್ಮ್ ಕೀಳುವಾಗ ಹಲವು ಗೆರೆಗಳು ಅದರ ಜೊತೆಗೇ ಎದ್ದು ಬಂದಿದ್ದರೆ, ಇಲ್ಲವೇ ಪಕ್ಕದ ಪಟ್ಟಿಯೇ ಉದ್ದಕ್ಕೆ ಸುಟ್ಟುಹೋಗಿದ್ದರೆ ಪೇಂಟ್ ಸಾಕಾಗುವುದಿಲ್ಲ. ಆದರೆ ಅಂಥದ್ದು ಕಣ್ಣಿಗೇ ಕಾಣುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ. ಎರಡು ಪಟ್ಟಿಗಳಲ್ಲಿ ಎಷ್ಟೆಷ್ಟು ವೋಲ್ಟ್ ಬಂತು ಅಂತ ಇಲ್ಲೇ ಬರೆಯಿರಿ, ಮುಂದೆ ಎಲ್ಲಿ ಹುಡುಕಬೇಕು ಹೇಳುತ್ತೇನೆ.