ಅರ್ಜಿಯಿಂದ ಹೆಸರು ತೆಗೆದರೆ ತಾರತಮ್ಯ ಹೋಗುತ್ತಾ?

ನೀವು ಕೇಳಿರುವುದು ಇಷ್ಟು: ಕೆಲಸಕ್ಕೆ ಬಂದ ಅರ್ಜಿಗಳಲ್ಲಿ ಹೆಸರು, ಫೋಟೋ, ವಯಸ್ಸು ಮುಚ್ಚಿಡಬೇಕು ಅಂತ ನಿಮ್ಮ ಎಚ್‌ಆರ್‌ನವರು ಹೇಳುತ್ತಿದ್ದಾರೆ, ಇದರಿಂದ ನಿಜವಾಗಿ ಪ್ರಯೋಜನ ಇದೆಯಾ? ಇದೆ. ಆದರೆ ಶಾರ್ಟ್‌ಲಿಸ್ಟ್ ಮುಗಿಯುವವರೆಗೆ ಮಾತ್ರ. ನಾನು ಬಹಳ ವರ್ಷ ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂತವನು. ಅರ್ಜಿಯಲ್ಲಿ ಹೆಸರು ಮುಚ್ಚಿದರೂ, ಇಂಟರ್‌ವ್ಯೂ ಕೋಣೆಯಲ್ಲಿ ಎಲ್ಲವೂ ಮತ್ತೆ ಕಾಣಿಸುತ್ತದೆ.

"ಹೆಸರು ನೋಡಿ ಯಾರು ಆರಿಸ್ತಾರೆ ಬಿಡಿ" ಅನ್ನುವವರು ಜಾಸ್ತಿ. ಆರಿಸುತ್ತಾರೆ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದಲ್ಲಿ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳಿಸಿ ನೋಡಿದರು. ಅರ್ಹತೆಯಲ್ಲಿ ವ್ಯತ್ಯಾಸ ಇರಲಿಲ್ಲ, ಹೆಸರು ಮಾತ್ರ ಬೇರೆ. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಿಳಿಯರದ್ದು ಅನ್ನಿಸುವ ಹೆಸರಿಗೆ, ಕರಿಯರದ್ದು ಅನ್ನಿಸುವ ಹೆಸರಿಗಿಂತ ಸುಮಾರು 50% ಹೆಚ್ಚು ಕರೆ ಬಂದಿತ್ತು. ಭಾರತದ ಖಾಸಗಿ ಕಂಪನಿಗಳ ಬಗ್ಗೆ ಥೋರಟ್ ಮತ್ತು ಅಟ್ಟೆವೆಲ್ ಇಂಥದ್ದೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಅಲ್ಲೂ ದಲಿತರ ಅಡ್ಡಹೆಸರು ಮತ್ತು ಮುಸ್ಲಿಂ ಹೆಸರು ಇದ್ದ ಅರ್ಜಿಗಳೇ ಹಿಂದೆ ಬಿದ್ದವು.

ಹೀಗೆ ಮಾಡುವವರೆಲ್ಲ ಕೆಟ್ಟವರು ಅಂತಲ್ಲ. 2012ರ ಇನ್ನೊಂದು ಪ್ರಯೋಗದಲ್ಲಿ ಅಮೆರಿಕದ ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿ ಕೊಟ್ಟರು. ಅರ್ಧ ಜನಕ್ಕೆ ಅದು ಜಾನ್‌ದು, ಉಳಿದವರಿಗೆ ಜೆನ್ನಿಫರ್‌ದು. ಜಾನ್ ಹೆಚ್ಚು ಸಮರ್ಥ ಅನ್ನಿಸಿದ, ಅವನಿಗೆ ಸಂಬಳವೂ ಜಾಸ್ತಿ ಹೇಳಿದರು. ಮಹಿಳಾ ಪ್ರಾಧ್ಯಾಪಕರೂ ಹಾಗೇ ಮಾಡಿದ್ದರು. ಶಾಲೆಯಲ್ಲಿ ಇದು ಉಲ್ಟಾ ಆಗಿದ್ದೂ ಇದೆ: ಇಸ್ರೇಲ್‌ನಲ್ಲಿ ಹೆಸರು ಕಾಣದ ಪರೀಕ್ಷೆಯ ಅಂಕಕ್ಕೂ ಸ್ವಂತ ಶಿಕ್ಷಕರು ಕೊಟ್ಟ ಅಂಕಕ್ಕೂ ಹೋಲಿಸಿದಾಗ, ನಷ್ಟವಾದದ್ದು ಹುಡುಗರಿಗೆ. ಉತ್ತರ ಪತ್ರಿಕೆಗೆ ನಂಬರ್ ಮಾತ್ರ ಹಾಕುವ ಪದ್ಧತಿ ಸುಮ್ನೆ ಬಂದದ್ದಲ್ಲ.

ಆದರೆ ಫ್ರಾನ್ಸ್‌ನ ಕಥೆಯನ್ನೂ ನಿಮ್ಮ ಎಚ್‌ಆರ್‌ಗೆ ಹೇಳಿ. ಅಲ್ಲಿ ಹೆಸರಿಲ್ಲದ ಅರ್ಜಿಗಳನ್ನು ಪ್ರಯೋಗಕ್ಕೆ ಹಚ್ಚಿದಾಗ, ವಲಸೆ ಬಂದ ಕುಟುಂಬಗಳವರಿಗೆ ಇಂಟರ್‌ವ್ಯೂ ಕರೆ ಇನ್ನೂ ಕಡಿಮೆಯಾಯಿತು! ಸೇರಲು ಒಪ್ಪಿದ ಕಂಪನಿಗಳು ಮೊದಲೇ ಇಂಥವರ ಬಗ್ಗೆ ಒಳ್ಳೆಯ ಮನಸ್ಸು ಇಟ್ಟುಕೊಂಡಿದ್ದವು ಅನ್ನುವುದು ಸಂಶೋಧಕರ ಒಂದು ವಿವರಣೆ. ಹೆಸರು ಕಂಡರೆ, "ಈ ವ್ಯಕ್ತಿಗೆ ಅವಕಾಶ ಸಿಕ್ಕಿಲ್ಲ, ಅದಕ್ಕೇ ಎರಡು ವರ್ಷ ಖಾಲಿ ಇದೆ" ಅಂತ ಅರ್ಥ ಮಾಡಿಕೊಳ್ಳಬಹುದು. ಹೆಸರಿಲ್ಲದಿದ್ದರೆ ಕಾಣುವುದು ಖಾಲಿ ವರ್ಷ ಮಾತ್ರ. ಇನ್ನೊಂದು ತೊಂದರೆಯೂ ಇದೆ. ಹೆಸರು ಮುಚ್ಚಿದರೂ ಓದಿದ ಕಾಲೇಜು, ಊರು, ಕಲಿತ ಭಾಷೆಗಳು ಅರ್ಧ ಕಥೆ ಹೇಳಿಬಿಡುತ್ತವೆ.

ಇನ್ನು ಇಂಟರ್‌ವ್ಯೂ. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಇಲ್ಲಿ. ಅಲ್ಲಿ ನಾನು ಜಾಸ್ತಿ ಕೇಳಿದ ಮಾತು, "ಹುಡುಗಿ ಚೆನ್ನಾಗಿ ಮಾತಾಡಿದಳು, ಆದರೆ ನಮ್ಮ ಟೀಮಿಗೆ ಸೆಟ್ ಆಗಲ್ಲ." ಯಾಕೆ ಸೆಟ್ ಆಗಲ್ಲ ಅಂತ ಕೇಳಿ ನೋಡಿ, ಹೆಚ್ಚಿನ ಸಲ ಉತ್ತರ ಇರುವುದಿಲ್ಲ. ನಮ್ಮ ಥರ ಮಾತಾಡುವವರು, ನಮ್ಮ ಜೋಕಿಗೆ ನಗುವವರು ನಮಗೆ ಬುದ್ಧಿವಂತರಾಗಿ ಕಾಣುತ್ತಾರೆ, ಅಷ್ಟೇ. ಅದಕ್ಕೆ ನಾನು ಹಟ ಹಿಡಿಯುವ ಕ್ರಮ ಇದು: ಪ್ರಶ್ನೆಗಳನ್ನು ಮೊದಲೇ ಬರೆದಿಡಿ, ಎಲ್ಲರಿಗೂ ಅವನ್ನೇ ಕೇಳಿ. ಒಳ್ಳೆಯ ಉತ್ತರ ಅಂದರೆ ಏನು ಅನ್ನುವುದನ್ನೂ ಮೊದಲೇ ಒಪ್ಪಿಕೊಳ್ಳಿ. ಒಬ್ಬರು ಬಾಯಿ ಬಿಡುವ ಮೊದಲೇ ಪ್ಯಾನೆಲ್‌ನ ಪ್ರತಿಯೊಬ್ಬರೂ ಅಂಕ ಬರೆದಿರಬೇಕು. ಇಲ್ಲದಿದ್ದರೆ ಬಾಸ್ ಮೊದಲು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. "ಮದುವೆ ಆಗಿದೆಯಾ, ಮಕ್ಕಳಿದ್ದಾರಾ" ಅನ್ನುವ ಪ್ರಶ್ನೆ ಆ ಪಟ್ಟಿಗೆ ಬರಲೇಬಾರದು. ಕಾಫಿ ಹೊತ್ತಿನ ಹರಟೆಯಲ್ಲೂ ಬೇಡ.

ಒಂದೇ ಪ್ರಶ್ನೆ ಅಂದೆ, ಒಂದೇ ರೀತಿ ಅನ್ನಲಿಲ್ಲ. ಕಿವಿ ಸರಿಯಾಗಿ ಕೇಳಿಸದವರಿಗೆ ಫೋನ್ ರೌಂಡ್ ಇಟ್ಟರೆ ನೀವು ಅಳೆಯುವುದು ಅವರ ಕಿವಿಯನ್ನು, ಕೆಲಸವನ್ನಲ್ಲ. ತೊದಲುವವರಿಗೆ ಟೈಮ್ ಜಾಸ್ತಿ ಬೇಕು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್) ಓದಬಲ್ಲ ಪ್ರಶ್ನೆಪತ್ರಿಕೆ ಬೇಕು. ಕರೆಯುವಾಗಲೇ ಎಲ್ಲರಿಗೂ "ನಿಮಗೆ ಏನಾದರೂ ಅನುಕೂಲ ಬೇಕಾ?" ಅಂತ ಮೇಲ್‌ನಲ್ಲಿ ಕೇಳಿಬಿಡಿ. ಎಲ್ಲರಿಗೂ ಕೇಳಿದರೆ ಯಾರಿಗೂ ಮುಜುಗರ ಇಲ್ಲ, ಅಲ್ವಾ?

ಹೆಸರು ಮುಚ್ಚುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಮೊದಲು ಹಳೆಯ ನೇಮಕಾತಿಗಳ ಲೆಕ್ಕ ತೆಗೆಸಿ. ಅರ್ಜಿ ಹಾಕಿದವರು, ಶಾರ್ಟ್‌ಲಿಸ್ಟ್ ಆದವರು, ಆಫರ್ ಪಡೆದವರು, ಮೊದಲ ವರ್ಷದಲ್ಲೇ ಬಿಟ್ಟುಹೋದವರು ಯಾರು ಅಂತ ಬೇರೆ ಬೇರೆ ಮಾಡಿ ನೋಡಿ. ಶಾರ್ಟ್‌ಲಿಸ್ಟ್‌ನಲ್ಲೇ ಒಂದು ಗುಂಪು ಕರಗುತ್ತಿದ್ದರೆ ಹೆಸರು ಮುಚ್ಚುವುದರಿಂದ ಶುರು ಮಾಡಿ. ಆಫರ್ ಹಂತದಲ್ಲಿ ಕರಗುತ್ತಿದ್ದರೆ ಪ್ಯಾನೆಲ್ ಸರಿಮಾಡಿ. ವರ್ಷದೊಳಗೆ ಬಿಟ್ಟುಹೋಗುತ್ತಿದ್ದರೆ ತೊಂದರೆ ನೇಮಕಾತಿಯದ್ದಲ್ಲ. ಅವರ ಮ್ಯಾನೇಜರ್ ಯಾರು ಅಂತ ಮೊದಲು ನೋಡಿ.